ಚಿತ್ರದರ್ಶನ ಮತ್ತು ಪೂರ್ವರಾಗ: ಪ್ರಣಯಚಿತ್ರಗಳ ಭಿತ್ತಿಪತ್ರಗಳನ್ನು ಕುರಿತು

ಸಮಾಗಮಕ್ಕೆ ಮುನ್ನವೇ ಅಂಕುರಿಸುವ ಅನುರಾಗವನ್ನು ನಮ್ಮ ಲಾಕ್ಷಣಿಕರು ಪೂರ್ವರಾಗವೆಂದು ಕರೆದಿದ್ದಾರೆ. ಶ್ರವಣ ಮತ್ತು ದರ್ಶನಗಳು ಅದಕ್ಕೆ ಕಾರಣ. ದರ್ಶನವು ಇಂದ್ರಜಾಲದಲ್ಲಿ, ಚಿತ್ರದಲ್ಲಿ, ಪ್ರತ್ಯಕ್ಷವಾಗಿ ಅಥವಾ ಸ್ವಪ್ನದಲ್ಲಿ ಒದಗಬಹುದೆಂದು ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವಿಂಗಡಿಸುತ್ತಾನೆ. ಸಿನಿಮಾದ ಭಿತ್ತಿಪತ್ರವನ್ನು ಈ ಚಿತ್ರದರ್ಶನದ ಸಾಲಿನಲ್ಲಿಟ್ಟು ನೋಡಬಹುದೆ ಎಂಬುದು ಇಲ್ಲಿ ನಮ್ಮ ಪ್ರಶ್ನೆ. ಗೋಡೆಯ ಮುಂದೆ ನಿಂತವನು ಚಿತ್ರವನ್ನಿನ್ನೂ ನೋಡಿಲ್ಲ; ಆದರೂ ಅವನಲ್ಲಿ ನೋಡಲೇಬೇಕೆಂಬ ಹಂಬಲ ಮೂಡುತ್ತದೆ. ಈ ಹಂಬಲವು ಪೂರ್ವರಾಗವಲ್ಲದೆ ಮತ್ತೇನು?

ಆದರೆ ಒಂದು ಭೇದವುಂಟು. ಕಾವ್ಯದಲ್ಲಿ ಚಿತ್ರವನ್ನು ಕಂಡು ಮರುಳಾಗುವವರು ಕಥೆಯ ಪಾತ್ರಗಳು. ಭಿತ್ತಿಪತ್ರವಾದರೋ ದಾರಿಹೋಕರನ್ನೇ ನಾಯಕ ಅಥವಾ ನಾಯಿಕೆಯ ಸ್ಥಾನಕ್ಕೆ ಕರೆಯುತ್ತದೆ. ಹಾಗಾದರೆ ಅದು ಕರೆಯುವುದು ಯಾರನ್ನು? ಹಿಂದಿಯ ಮೂರು ಚಿತ್ರಗಳ ನಿದರ್ಶನದಿಂದ ಇದನ್ನು ಪರಿಶೀಲಿಸಬಹುದು.

1949ರ ‘ಬರ್‌ಸಾತ್’ ಚಿತ್ರದಲ್ಲಿ ರಾಜ್ ಕಪೂರ್ ಒಂದು ಕೈಯಲ್ಲಿ ಪಿಟೀಲನ್ನು ಹಿಡಿದಿದ್ದಾನೆ; ಇನ್ನೊಂದು ತೋಳಿನ ಮೇಲೆ ನರ್ಗಿಸ್ ಬಾಗಿ ಒರಗಿದ್ದಾಳೆ. ಭಿತ್ತಿಪತ್ರದ ಮೂಲಕ ಪ್ರಸಿದ್ಧವಾದ ಈ ಭಂಗಿಯೇ ಮುಂದೆ ಆರ್.ಕೆ. ಸಂಸ್ಥೆಯ ಲಾಂಛನವಾಯಿತು. ಕಲೆಯೂ ಕಾಂತೆಯೂ ಒಬ್ಬನ ಎರಡು ತೋಳುಗಳಲ್ಲಿ ಸಮತೂಕದಲ್ಲಿರುವ ಈ ಚಿತ್ರವು ಸೊಗಸಾದುದು, ನಿಜ. ಆದರೆ ಇಲ್ಲಿ ನೆಟ್ಟಗೆ ನಿಂತಿರುವವನು ಪುರುಷನೊಬ್ಬನೇ. ಕರೆಯು ಮುಖ್ಯವಾಗಿ ತರುಣನಿಗೆ. ತರುಣಿಗೆ ಉಳಿದಿರುವುದು ಒರಗುವ ಸುಖವಷ್ಟೆ.

1988ರಲ್ಲಿ ಬಿಡುಗಡೆಯಾದ ‘ಖಯಾಮತ್ ಸೆ ಖಯಾಮತ್ ತಕ್’ ಚಿತ್ರದ ಪ್ರಚಾರವು ಈ ಕ್ರಮವನ್ನು ಪಲ್ಲಟಗೊಳಿಸಿತು. ಆಮಿರ್ ಖಾನ್ ಯಾರು, ಪಕ್ಕದ ಮನೆಯ ಹುಡುಗಿಯನ್ನು ಕೇಳಿ ಎಂಬ ಅರ್ಥದ ಒಕ್ಕಣೆ ಅದರಲ್ಲಿತ್ತು. ಲಾಕ್ಷಣಿಕರು ಹೇಳುವ ಶ್ರವಣ, ಅಂದರೆ ಸಖಿಯ ಬಾಯಿಂದ ನಾಯಕನ ವಿಚಾರವನ್ನು ಕೇಳುವುದು, ಇಲ್ಲಿ ದರ್ಶನದೊಡನೆ ಬೆರೆತಿದೆ. ನೋಟಕ್ಕೆ ಗುರಿಯಾದವನು ಪುರುಷ, ಬಲ್ಲವಳು ಹುಡುಗಿ. ಪ್ರೇಮಿಗಳಿಬ್ಬರ ಮರಣದಲ್ಲಿ ಮುಗಿಯುವ ಕಥೆಯ ಸುಳಿವನ್ನು ಮಾತ್ರ ಈ ಲಘುವಾದ ಒಕ್ಕಣೆ ಬಿಟ್ಟುಕೊಡುವುದಿಲ್ಲ.

1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಇನ್ನೂ ಜಾಣತನದ ಉದಾಹರಣೆ. ಅದರ ಶೀರ್ಷಿಕೆ ಮದುವಣಗಿತ್ತಿಯ ಮಾತನ್ನಾಡುತ್ತದೆ; ಜೊತೆಗಿದ್ದ ಇಂಗ್ಲಿಷ್ ಅಡಿಬರಹವಾದರೋ ಪ್ರೀತಿಯಲ್ಲಿ ಬೀಳಲು ಬನ್ನಿರೆಂದು ಕರೆಯುತ್ತದೆ. ಮದುವೆಯ ಭರವಸೆ ಹಿರಿಯರಿಗೆ, ಪ್ರೀತಿಯ ಆಹ್ವಾನ ಕಿರಿಯರಿಗೆ. ಚಿತ್ರದ ನಾಯಕನೂ ನಾಯಿಕೆಯೊಡನೆ ಓಡಿಹೋಗಲು ಒಪ್ಪದೆ ಆಕೆಯ ತಂದೆಯ ಸಮ್ಮತಿಗಾಗಿ ಕಾಯುವವನೇ. ಮುಂಬಯಿಯ ಮರಾಠಾ ಮಂದಿರದಲ್ಲಿ ಈ ಚಿತ್ರವು 2014ರ ಡಿಸೆಂಬರಿನಲ್ಲಿ 1000 ವಾರಗಳನ್ನು ಪೂರೈಸಿದುದಕ್ಕೆ ಕಾರಣಗಳು ಹಲವು. ಮನೆಯವರೆಲ್ಲರನ್ನೂ ಒಟ್ಟಿಗೆ ಕರೆದ ಈ ಇಬ್ಬಗೆಯ ಮಾತೂ ಅವುಗಳಲ್ಲೊಂದೆಂದು ನಾವು ಭಾವಿಸುತ್ತೇವೆ. ಆದರೆ ಅಡಿಬರಹವು ಹೆಣ್ಣುಗಂಡೆಂಬ ಭೇದವಿಲ್ಲದೆ ಎಲ್ಲರನ್ನೂ ಕರೆದರೆ, ಶೀರ್ಷಿಕೆಯಲ್ಲಿ ಹೆಣ್ಣು ಕರೆದೊಯ್ಯಲ್ಪಡುವವಳಾಗಿಯೇ ಉಳಿಯುತ್ತಾಳೆ.

ಸುಬಂಧುವಿನ ‘ವಾಸವದತ್ತೆ’ಯಲ್ಲಿ ನಾಯಕನು ಕನಸಿನಲ್ಲಿ ನಾಯಿಕೆಯನ್ನು ಕಾಣುತ್ತಾನೆ, ಅವಳೂ ಅವನನ್ನು ಕನಸಿನಲ್ಲಿ ಕಾಣುತ್ತಾಳೆ. ಆ ಕೃತಿಯ ಜಾಡಿನಲ್ಲಿಯೇ ನೇಮಿಚಂದ್ರನು ಕನ್ನಡದಲ್ಲಿ ‘ಲೀಲಾವತಿ’ಯನ್ನು ರಚಿಸಿದನು. ಅರಮನೆಗಳ ಕಾಲದ ಕವಿಯೊಬ್ಬನು ಹೆಣ್ಣಿಗೆ ಕೊಟ್ಟ ಸಮಪಾಲಿನ ಕನಸನ್ನು ನಮ್ಮ ಕಾಲದ ಗೋಡೆಗಳು ಅಳೆದಳೆದು ಕೊಡುತ್ತಿವೆಯೆಂಬುದು ವಿಚಾರಾರ್ಹ. ಹಾಗೆಂದು ಅವುಗಳನ್ನು ಹಳಿದು ಸುಮ್ಮನಾಗುವುದೂ ಸಲ್ಲದು. ಜೋಡಿಯಾಗಿ ಕುಳಿತವರನ್ನು ಗದರಿಸಿ ಎಬ್ಬಿಸುವ ನಗರಗಳಲ್ಲಿ, ಬೀದಿಯಲ್ಲಿ ಬಹಿರಂಗವಾಗಿ ನಿಲ್ಲುವ ಹಕ್ಕು ಪ್ರೇಮಕ್ಕೆ ದೊರೆತದ್ದು ಬಹುಮಟ್ಟಿಗೆ ಈ ಕಾಗದದ ಮೇಲೆಯೇ. ಒಂದು ಕಾಲದ ಜನ ಏನನ್ನು ಬಯಸಿದರು, ಯಾವುದಕ್ಕೆ ಅಂಜಿದರು ಎಂಬುದನ್ನು ಅರಿಯಲು ತಾಳೆಗರಿಯಂತೆ ಈ ಕಾಗದವೂ ಆಕರವೇ. ಮುಂದಿನ ವಾರದ ಚಿತ್ರ ಅದರ ಮೇಲೆ ಅಂಟುವ ಮೊದಲೇ ಅದನ್ನು ಓದಿಕೊಳ್ಳುವುದು ಸಾಹಿತ್ಯ ವಿದ್ಯಾರ್ಥಿಗಳ ಹೊಣೆಯೂ ಆಗಿದೆ.