ಟೋ ಬಾರಿನ ತಗಡು: ಸಾಲು ಸಾಲಿಗೆ ವ್ಯಾಖ್ಯಾನ

ಪನ್ವೇಲ್ ಬಳಿಯ ಕಳಂಬೋಲಿಯ ಸ್ಟೀಲ್ ಮಾರ್ಕೆಟ್ಟಿನಲ್ಲಿ ಆ್ಯಂಗಲ್, ಚಾನೆಲ್, ಪೈಪು ಬೇಕಾದ ಅಳತೆಯಲ್ಲಿ ಸಿಗುತ್ತವೆ. ವೆಲ್ಡಿಂಗ್ ಮಾಡುವವರಿಗೂ ಬರವಿಲ್ಲ. ಮನೆಯ ಕಾರಿನ ಹಿಂದೆ ಸಣ್ಣ ಟ್ರೇಲರ್ ಕಟ್ಟಬೇಕು ಎಂದವರಿಗೆ 'ಒಂದು ಹುಕ್ ಕೂರಿಸಿಬಿಡಿ ಸಾಹೇಬ್ರೆ' ಎಂಬ ಸಲಹೆ ಪುಕ್ಕಟೆ ಸಿಗುತ್ತದೆ. ಆ ಹುಕ್ಕು ಎಷ್ಟು ದಪ್ಪವಿದ್ದರೂ ಅದರ ಮೇಲೆ ಓದಲು ಏನೂ ಇರುವುದಿಲ್ಲ. ಆದರೆ ಅದೇ ಕೆಲಸಕ್ಕೆಂದು ಪರೀಕ್ಷೆ ಮುಗಿಸಿ ಬಂದ ಟೋ ಬಾರಿನ ಮೇಲೆ ಚಿಕ್ಕದೊಂದು ತಗಡು ಇರುತ್ತದೆ. ಅಂಥದೊಂದು ಮಾದರಿ ತಗಡನ್ನು ಓದೋಣ.

"ಇ20 55ಆರ್-01"

ಇ ಎಂದರೆ ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ ಪ್ರಕಾರ ಮಂಜೂರಾದದ್ದು. 20 ಎಂದರೆ ಮಂಜೂರು ಮಾಡಿದ ದೇಶ ಪೋಲೆಂಡ್. 55 ಎಂಬುದು ವಾಹನಗಳನ್ನು ಒಂದಕ್ಕೊಂದು ಜೋಡಿಸುವ ಸಾಧನಗಳ ನಿಯಮದ ಸಂಖ್ಯೆ. ಇಷ್ಟು ಸಾಕು, ಮುಂದೆ ಹೋಗೋಣ.

"ಕ್ಲಾಸ್ ಎ50-ಎಕ್ಸ್"

50 ಎಂದರೆ ಟ್ರೇಲರಿನ ಕಪ್ಪು ಕೂರುವ ಚೆಂಡಿನ ವ್ಯಾಸ, ಮಿಲಿಮೀಟರಿನಲ್ಲಿ. ಅಮೆರಿಕದ ಚೆಂಡು 2 ಇಂಚು, ಅಂದರೆ 50.8 ಮಿ.ಮೀ. ಮುಕ್ಕಾಲು ಮಿಲಿಮೀಟರಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎನ್ನಬೇಡಿ. 2 ಇಂಚಿನ ಕಪ್ಪಿನೊಳಗೆ 50ರ ಚೆಂಡು ಸಡಿಲವಾಗಿ ಆಡುತ್ತದೆ, ದೊಡ್ಡ ಗುಂಡಿಯಲ್ಲಿ ಎಗರಿದಾಗ ಕಳಚಿಕೊಳ್ಳಬಹುದು. ಮಳೆಗಾಲದ ಪನ್ವೇಲ್ ರಸ್ತೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಡ್ ತುಂಬಿದ ಕಾರಿನಲ್ಲಿ ಚೆಂಡಿನ ನಡುಭಾಗ ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು ಎಂಬುದೂ ರೂಢಿಯ ಅಳತೆ.

"ಡಿ 8.5 ಕಿಲೋನ್ಯೂಟನ್"

ಇಡೀ ತಗಡಿನಲ್ಲಿ ನಿಧಾನವಾಗಿ ಓದಬೇಕಾದ ಸಾಲು ಇದು. ಹೆಚ್ಚಿನವರು ಇದನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಕಾರಿನ ಗರಿಷ್ಠ ತೂಕವನ್ನೂ ಟ್ರೇಲರಿನ ಗರಿಷ್ಠ ತೂಕವನ್ನೂ ಟನ್ನಿನಲ್ಲಿ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಬರುವುದು ಡಿ. 2 ಟನ್ನಿನ ಕಾರು, 1.5 ಟನ್ನಿನ ಟ್ರೇಲರ್: ಲೆಕ್ಕ 8.41ಕ್ಕೆ ಬರುತ್ತದೆ, ಈ ಬಾರು ತಡೆಯುತ್ತದೆ. ಈಗ ಅದೇ ಬಾರನ್ನು 2.4 ಟನ್ನಿನ ದೊಡ್ಡ ಎಸ್‌ಯುವಿಗೆ ಹಾಕಿ. ಟ್ರೇಲರ್ 1.35 ಟನ್ ದಾಟುವಂತಿಲ್ಲ! ಕಾರು ದೊಡ್ಡದಾದಷ್ಟೂ ಹೆಚ್ಚು ಎಳೆಯಬಹುದು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಎರಡು ಭಾರಗಳ ನಡುವೆ ಸಿಕ್ಕಿ ಜಗ್ಗಾಟ ಅನುಭವಿಸುವುದು ಬಾರು; ಯಾವ ಕಡೆ ತೂಕ ಏರಿದರೂ ಅದಕ್ಕೇ ಪೆಟ್ಟು.

ಇದು ಬಾರಿನ ಮಿತಿ ಮಾತ್ರ. ಕಾರಿನ ಕೈಪಿಡಿಯಲ್ಲಿ ತಯಾರಕರು ಇನ್ನೂ ಕಡಿಮೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳ ಕೈಪಿಡಿ ಟ್ರೇಲರ್ ಎಳೆಯಲೇಬೇಡಿ ಎನ್ನುತ್ತದೆ. ಟೂಲ್‌ಕಿಟ್‌ನಲ್ಲಿ ಸಿಗುವ ತಿರುಪಿನ ಕೊಂಡಿ ಕೆಟ್ಟುನಿಂತ ಕಾರನ್ನು ಎಳೆಸಿಕೊಳ್ಳಲಿಕ್ಕೆ; ಅದನ್ನು ಟೋ ಬಾರ್ ಎಂದುಕೊಳ್ಳಬಾರದು.

"ಎಸ್ 75 ಕೆ.ಜಿ."

ಟ್ರೇಲರಿನ ಮೂತಿ ಚೆಂಡಿನ ಮೇಲೆ ಒತ್ತಬಹುದಾದ ಗರಿಷ್ಠ ಭಾರ. ಕಬ್ಬಿನ ಟ್ರಾಲಿಯಲ್ಲಿ ಹಿಂದೆ ಹೆಚ್ಚು ಹೇರಿದರೆ ಮೂತಿ ಮೇಲೇಳುವುದನ್ನು ಬೆಳಗಾವಿ ಕಡೆಯವರು ನೋಡಿರುತ್ತಾರೆ. ಕಾರಿನ ಟ್ರೇಲರಿನಲ್ಲಿ ಹಾಗಾದರೆ ವೇಗದಲ್ಲಿ ಅದು ಅತ್ತಿತ್ತ ಓಲಾಡುತ್ತದೆ. ಮುಂದೆ ಹೆಚ್ಚು ಹೇರಿದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲ. ಮನೆಯ ತೂಕದ ಯಂತ್ರದ ಮೇಲೆ ಚೆಂಡಿನ ಎತ್ತರಕ್ಕೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂತಿ ಇಟ್ಟರೆ ಅಂಕಿ ಗೊತ್ತಾಗುತ್ತದೆ. ಡಿಕ್ಕಿಯ ಸಾಮಾನಿನ ಜೊತೆ ಈ ಕೆ.ಜಿ.ಗಳೂ ಕಾರಿನ ಲೆಕ್ಕಕ್ಕೇ ಸೇರುತ್ತವೆ. ತೂಕದ ಜೊತೆ ಬ್ರೇಕಿನ ಮಾತೂ ಬರುತ್ತದೆ. ಕಳಂಬೋಲಿಯಿಂದ ಹೊರಡುವ ಎಕ್ಸ್‌ಪ್ರೆಸ್‌ವೇ ಬೋರ್ ಘಾಟ್ ಹತ್ತುತ್ತದೆ. ಹತ್ತುವಾಗ ಎಂಜಿನ್ ಏದುಸಿರು ಬಿಟ್ಟರೂ ಪರವಾಗಿಲ್ಲ. ಇಳಿಯುವಾಗ ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ದಬ್ಬುತ್ತದೆ, ಅದೇ ನಿಜವಾದ ಅಪಾಯ. ಯುರೋಪಿನಲ್ಲಿ ಸ್ವಂತ ಬ್ರೇಕ್ ಇಲ್ಲದ ಟ್ರೇಲರಿಗೆ 750 ಕೆ.ಜಿ. ಮೇಲ್ಮಿತಿ.

ತಗಡಿನ ಮೇಲೆ ಇಲ್ಲದ ಸಾಲು

ಅದು ಆರ್‌ಸಿಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಮಾಡುವ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಂದಿನ ಬಂಪರ್ ಗಾರ್ಡುಗಳ ವಿರುದ್ಧ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆ ರಾಜ್ಯಗಳಿಗೆ ಬರೆದಾಗ ತೋರಿಸಿದ್ದೂ ಇದೇ ಕಲಂ. ಟ್ರೇಲರಿಗೂ ನೋಂದಣಿ ಬೇಕು. ಎಳೆಯುವ ಕಾರಿನ ನಂಬರ್ ಅದರ ಬೆನ್ನ ಮೇಲೆ ಕಾಣಬೇಕು. ಆದ್ದರಿಂದ ಎಂಎಚ್-46 ಕಾರಿನ ಮಾಲೀಕರು ಬಾರ್ ಖರೀದಿಸುವ ಮೊದಲು ಪನ್ವೇಲ್ ಆರ್‌ಟಿಒದಲ್ಲೂ ವಿಮೆ ಕಂಪನಿಯಲ್ಲೂ ಬರಹದಲ್ಲಿ ಕೇಳಲಿ.

ಕೈಪಿಡಿಯಲ್ಲಿ ಎಳೆಯುವ ತೂಕದ ಅಂಕಿಯೇ ಇಲ್ಲದಿದ್ದರೆ ಬಾರಿನ ಆಸೆ ಬಿಡಿ. ವರ್ಷಕ್ಕೆ ಒಂದೆರಡು ಸಲ ಸಾಮಾನು ಸಾಗಿಸಲು ಟೆಂಪೊ ಬಾಡಿಗೆಗೆ ಹಿಡಿಯಿರಿ. ಕಳಂಬೋಲಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ.