ಗಾಜಿನ ಮೇಲಿನ ಸಂಸಾರ

ದಲಿತ ವಿಮರ್ಶೆ ಅಂದ ಕೂಡಲೇ ನಮ್ಮವರು ಗಾಯ ಎಲ್ಲಿದೆ ಎಂದು ಹುಡುಕಲು ಶುರುಮಾಡುತ್ತಾರೆ. ಹಸಿವು, ಅವಮಾನ, ಸಿಟ್ಟು ಇದ್ದರೆ ಅದು ಅಧಿಕೃತ ಅನುಭವ. ಗಂಡ ಹೆಂಡತಿ ಮಕ್ಕಳೊಂದಿಗೆ ಸುಮ್ಮನೆ ನಮ್ಮನ್ನು ನೋಡುತ್ತಿದ್ದರೆ? 'ಇದರಲ್ಲಿ ಹೋರಾಟ ಎಲ್ಲಿದೆ ಸ್ವಾಮಿ?' ಅಂತಾರೆ. ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಒಂದು ಫೋಟೋವನ್ನು ಓದಬೇಕೆಂದಿದ್ದೇನೆ. ಅದು ನಮ್ಮ ನೆಲದ್ದಲ್ಲ. ಆದರೆ ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು (1873) ಅರ್ಪಿಸಿದ್ದು ಗುಲಾಮಗಿರಿಯನ್ನು ತೊಡೆದ ಅಮೆರಿಕದ ಜನರಿಗೆ. ಈ ನಂಟು ಹಳೆಯದು.

ಚಿತ್ರ ಇರುವುದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಅಂತರ್ಯುದ್ಧ ಕಾಲದ್ದು, 1863–65ರ ನಡುವಿನದು. ಉತ್ತರದ ಸೇನೆಯ ಸಮವಸ್ತ್ರ ತೊಟ್ಟ ಕಪ್ಪು ಸೈನಿಕ, ಟೋಪಿ ಹಾಕಿದ ಹೆಂಡತಿ, ಒಂದೇ ಥರದ ಕೋಟು ಟೋಪಿ ತೊಟ್ಟ ಇಬ್ಬರು ಹೆಣ್ಣುಮಕ್ಕಳು. ಸಿಕ್ಕಿದ್ದು ಮೇರಿಲ್ಯಾಂಡಿನ ಸೆಸಿಲ್ ಕೌಂಟಿಯಲ್ಲಿ. ಆ ರಾಜ್ಯದಲ್ಲಿ ಕಟ್ಟಿದ ಏಳು ಕರಿಯರ ರೆಜಿಮೆಂಟುಗಳಲ್ಲಿ ಯಾವುದೋ ಒಂದರವನಿರಬೇಕೆಂದು ಗ್ರಂಥಾಲಯದ ಊಹೆ. ನಾಲ್ವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ.

ಇದು ಆಂಬ್ರೊಟೈಪ್. ಗಾಜಿನ ಮೇಲೇ ಮೂಡುವ ಚಿತ್ರ, ಬೇರೆ ನೆಗೆಟಿವ್ ಇಲ್ಲ. ಒಡೆದರೆ ಮುಗೀತು. ತೆಗೆಸಿಕೊಳ್ಳುವವರು ಕೆಲವು ಸೆಕೆಂಡು ಅಲುಗಾಡಬಾರದು. ಮುಖದಲ್ಲಿ ನಗು ಇಲ್ಲದ್ದನ್ನು ಕಂಡು 'ಶತಮಾನಗಳ ನೋವು' ಎಂದು ಬರೆಯುವ ವಿಮರ್ಶಕ ಸ್ವಲ್ಪ ತಾಳಬೇಕು. ಆ ಕಾಲದ ಬಿಳಿಯರ ಫೋಟೋಗಳಲ್ಲೂ ನಗು ಅಪರೂಪವೇ.

ಇದರ ಪಕ್ಕಕ್ಕೆ ಇನ್ನೊಂದು ಚಿತ್ರಮಾಲೆಯನ್ನು ಇಡಬೇಕು. 1850ರಲ್ಲಿ ಹಾರ್ವರ್ಡ್‌ನ ವಿಜ್ಞಾನಿ ಲೂಯಿ ಅಗಾಸಿ ಕರಿಯರು ಬೇರೆಯೇ ಮೂಲದ ಜೀವಿಗಳೆಂದು ತೋರಿಸಲು ದಕ್ಷಿಣ ಕೆರೊಲಿನಾದಲ್ಲಿ ಗುಲಾಮರ ಫೋಟೋ ತೆಗೆಸಿದ. ರೆಂಟಿ ಎಂಬ ತಂದೆ, ಡೀಲಿಯಾ ಎಂಬ ಮಗಳು. ಇಬ್ಬರ ಬಟ್ಟೆಯನ್ನೂ ಕಳಚಿಸಿ ಬೇರೆ ಬೇರೆ ನಿಲ್ಲಿಸಿದ. ಅಲ್ಲಿ ಸಂಬಂಧ ಇಲ್ಲ, ಮಾದರಿಗಳಿವೆ. ಅದಾಗಿ ಹದಿನೈದು ವರ್ಷದೊಳಗೆ ಇನ್ನೊಬ್ಬ ತಂದೆ ಮಕ್ಕಳಿಗೆ ಕೋಟು ತೊಡಿಸಿ, ಹೆಂಡತಿಯನ್ನು ಕರೆದುಕೊಂಡು ಅದೇ ಕ್ಯಾಮೆರಾ ಮುಂದೆ ಬರುತ್ತಾನೆ. ಬಟ್ಟೆ ತೊಡಲು, ಬಿಚ್ಚಲು ಅಪ್ಪಣೆ ಕೇಳಬೇಕಾಗಿದ್ದ ಜನರಿಗೆ ಇದು ಎಂಥಾ ಮಾತು ಅಂತ ವಿವರಿಸಬೇಕಿಲ್ಲ. ಹೋರಾಟ ಎಲ್ಲಿದೆ ಅಂದಿರಲ್ಲ, ಇಲ್ಲಿದೆ.

ಗುಲಾಮರ ಮದುವೆಗೆ ಕಾನೂನಿನಲ್ಲಿ ಬೆಲೆ ಇರಲಿಲ್ಲ. ಪ್ರೀತಿಸಿ ಕೂಡಿ ಬಾಳಿದವರನ್ನು ಒಡೆಯ ಬೇರೆ ಬೇರೆ ಮಾರಬಹುದಿತ್ತು. ಯುದ್ಧ ಈ ಕಟ್ಟನ್ನು ಸಡಿಲಿಸಿತು. ಸುಮಾರು 1,79,000 ಕಪ್ಪು ಗಂಡಸರು ಸೇನೆ ಸೇರಿದರು. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕರಿಯನಿಗೆ 10, ಅದರಲ್ಲೂ ಬಟ್ಟೆಯ ಲೆಕ್ಕಕ್ಕೆ 3 ಮುರಿದು ಕೈಗೆ 7. 1864ರ ಜೂನ್‌ವರೆಗೂ ಹೀಗೇ ನಡೆಯಿತು. ಆ ಸಮವಸ್ತ್ರವನ್ನು ನೋಡಿ ಉಬ್ಬುವಾಗ ಈ ಲೆಕ್ಕವೂ ನೆನಪಿರಲಿ.

ಇನ್ನು ಹೆಂಡಿರು ಮಕ್ಕಳ ಕತೆ. 1864ರ ನವೆಂಬರಿನಲ್ಲಿ ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಿಂದ ಕಪ್ಪು ಸೈನಿಕರ ಮನೆಯವರನ್ನು, ಸುಮಾರು 400 ಹೆಂಗಸರು ಮಕ್ಕಳನ್ನು, ಕೊರೆಯುವ ಚಳಿಯಲ್ಲಿ ಸೇನೆಯೇ ಹೊರದಬ್ಬಿತು. ಗುಡಿಸಲು ಕೆಡವಿತು. ಅವರಲ್ಲಿ 102 ಮಂದಿ ಸತ್ತರು. ಗಂಡಂದಿರು ಆಗ ಅದೇ ಸೇನೆಯ ಸಿಪಾಯಿಗಳು! ದೇಶದಲ್ಲಿ ಗದ್ದಲ ಎದ್ದಮೇಲೆ 1865ರ ಮಾರ್ಚ್ 3ರ ಕಾಯಿದೆ ಸೈನಿಕರ ಹೆಂಡತಿ ಮಕ್ಕಳನ್ನು ಗುಲಾಮಗಿರಿಯಿಂದ ಬಿಡಿಸಿತು.

ನನ್ನ ತಕರಾರು ಇರುವುದು ಇಲ್ಲೇ. ಅವಳಿಗೆ ಬಿಡುಗಡೆ ಸಿಕ್ಕಿದ್ದು ಅವಳು ಮನುಷ್ಯಳು ಅಂತ ಅಲ್ಲ, ಬಂದೂಕು ಹಿಡಿದವನ ಹೆಂಡತಿ ಅಂತ. ಗಂಡ ಸತ್ತರೆ ಪಿಂಚಣಿಗಾಗಿ ತಾನು ಅವನೊಡನೆ ಬಾಳಿದ್ದನ್ನು ಸಾಕ್ಷಿ ಹಾಕಿಸಿ ಸಾಬೀತು ಮಾಡಬೇಕು. 1882ರ ಕಾಯಿದೆಯ ಪ್ರಕಾರ ವಿಧವೆ ಮದುವೆಯಾಗದೆ ಬಹಿರಂಗವಾಗಿ ಇನ್ನೊಬ್ಬನ ಜೊತೆ ಬಾಳಿದರೆ ಪಿಂಚಣಿ ರದ್ದು. ಸಂಸಾರಕ್ಕೆ ಮಾನ್ಯತೆ ಕೊಟ್ಟ ಪ್ರಭುತ್ವವೇ ಅದರೊಳಗೆ ಇಣುಕತೊಡಗಿತು. ಗ್ರಂಥಾಲಯದ ಶೀರ್ಷಿಕೆಯಲ್ಲೂ ಅವಳು ಸೈನಿಕನ 'ಹೆಂಡತಿ' ಅಷ್ಟೇ. ಸಮವಸ್ತ್ರವನ್ನು ಮಾತ್ರ ಕೊಂಡಾಡುವ ವಿಮರ್ಶೆ ಈ ಯಜಮಾನಿಕೆಗೆ ಸಹಿ ಹಾಕಿದ ಹಾಗೆ. ನಮ್ಮ ವಿಮರ್ಶೆಯೂ ಎಷ್ಟೋ ಸಲ ಗಂಡಸಿನ ಸ್ವಾಭಿಮಾನವನ್ನೇ ಇಡೀ ಸಮುದಾಯದ ಸ್ವಾಭಿಮಾನ ಅಂದುಕೊಂಡಿದೆ.

ಆದರೆ ಚಿತ್ರ ಅಷ್ಟಕ್ಕೇ ನಿಲ್ಲುವುದಿಲ್ಲ. ಸಮವಸ್ತ್ರ ಸರ್ಕಾರದ್ದಿರಬಹುದು. ಎರಡು ಪುಟ್ಟ ಕೋಟುಗಳು ಒಂದೇ ಥರ ಇರಲಿ ಅಂತ ಯೋಚಿಸಿದ ಮನಸ್ಸು ಸರ್ಕಾರದ್ದಲ್ಲ. ಸಾವು ಹತ್ತಿರವಿದ್ದ ಕಾಲದಲ್ಲಿ ನಾಲ್ವರೂ ಒಂದೇ ಗಾಜಿನ ಮೇಲೆ ಇರಬೇಕು ಅನ್ನುವುದು ಒಂದು ಪ್ರೀತಿಯ ತೀರ್ಮಾನ. ಅದು ಯಾರ ಕನಿಕರವನ್ನೂ ಬೇಡುವುದಿಲ್ಲ. ಇಂಥ ಪ್ರೀತಿಯನ್ನು ಓದಲು ಬಾರದ ದಲಿತ ವಿಮರ್ಶೆ ನಮ್ಮ ಗಾಯಗಳ ಪಟ್ಟಿ ಬರೆಯಬಹುದು, ನಮ್ಮ ಬದುಕನ್ನು ಬರೆಯಲಾರದು.