ಎದುರುಗಾಳಿಯಲ್ಲಿ ಹಾಯಿ ನೋಡುವ ಬಗೆ

ಮಾಣಿ ಊರಿನ ಯಾವುದಾದರೂ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೊಂದನ್ನು ಎತ್ತಿಕೊಳ್ಳಿ. ಜೋರು ಗಾಳಿಗೆ ಅದರ ಅಂಚನ್ನು ತುಸು ಓರೆಯಾಗಿ ಹಿಡಿಯಿರಿ. ಉಬ್ಬಿದ ಬೆನ್ನಿನ ಕಡೆಗೆ ಹಾಳೆ ನಿಮ್ಮ ಕೈಯನ್ನು ಎಳೆಯುತ್ತದೆ. ಅದನ್ನೇ ಒತ್ತಿ ಚಪ್ಪಟೆ ಮಾಡಿ ಹಿಡಿದರೆ ಆ ಎಳೆತ ಸೊರಗುತ್ತದೆ. ಹಾಯಿದೋಣಿ ಎದುರುಗಾಳಿಗೆ ಏರುವುದು ಉಬ್ಬಿದ ಹಾಯಿಯ ಇಂಥದೇ ಎಳೆತದಿಂದ.

ಮಂಗಳೂರಿನ ಹಳೇ ಬಂದರಿನ ಮಂಜಿ ಎಂಬ ಸರಕು ದೋಣಿಗಳದ್ದು ಓರೆ ಗಳಕ್ಕೆ ಕಟ್ಟಿದ ಹಾಯಿಯಾಗಿತ್ತು. ಮಗ್ಗುಲು ಬದಲಿಸಬೇಕಾದರೆ ಅಷ್ಟುದ್ದದ ಗಳವನ್ನೇ ಕಂಬದ ಆಚೆಗೆ ಸಾಗಿಸಬೇಕಿತ್ತು. ನಮ್ಮ ನಾವಿಕರು ಗಾಳಿ ತಿರುಗುವ ತಿಂಗಳು ನೋಡಿ ಹೊರಡುತ್ತಿದ್ದರು. ಚೀನೀಯರ ಜಂಕ್ ಎಂಬ ಹಡಗುಗಳ ಹಾಯಿಯ ಕಟ್ಟೇ ಬೇರೆ. 14ನೇ ಶತಮಾನದಲ್ಲಿ ಮಂಗಳೂರಿಗೂ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಆ ಹಡಗುಗಳ ಹಾಯಿಗಳು ಬಿದಿರಿನಿಂದ ಚಾಪೆಯಂತೆ ಹೆಣೆದವು ಎಂದು ದಾಖಲಿಸಿದ್ದಾನೆ. ಹಾಯಿಯ ಅಡ್ಡಕ್ಕೆ ಸಾಲಾಗಿ ಪಟ್ಟಿಗಳು, ಎರಡು ಪಟ್ಟಿಗಳ ನಡುವೆ ಒಂದೊಂದು ಅಂಕಣ. ಚುಕ್ಕಾಣಿ ತಿರುಗಿಸಿದರೆ ಸಾಕು, ಹಾಯಿ ತಾನಾಗಿ ಮಗ್ಗುಲು ಬದಲಿಸುತ್ತದೆ. 1960ರಲ್ಲಿ ನಾವಿಕ ಬ್ಲಾಂಡಿ ಹ್ಯಾಸ್ಲರ್ ಇಂಥದೇ ಹಾಯಿಯ ‘ಜೆಸ್ಟರ್’ ದೋಣಿಯಲ್ಲಿ ಒಬ್ಬರೇ 48 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದರು.

ಈಗ ಇಂಥ ಹಾಯಿಗಳು ಎದುರುಗಾಳಿಗೆ ಹೇಗೆ ಏರುತ್ತವೆ ಎಂದು ಹೋಲಿಸಿ ನೋಡೋಣ.

ಮೊದಲು ಹಾಯಿಯ ಹೊಟ್ಟೆ, ಎಂದರೆ ಅದರ ಉಬ್ಬು ನೋಡಿ. ಚಪ್ಪಟೆಯಾಗಿ ಹೊಲಿದ ಜಂಕ್ ಹಾಯಿ ಹಿಂಗಾಳಿಗೆ ಚೆನ್ನ, ಎದುರುಗಾಳಿಗೆ ಮಂಕು. ಅಂಕಣ ಅಂಕಣಕ್ಕೂ ಉಬ್ಬು ಕೊಟ್ಟು ಹೊಲಿದರೆ ಅದೇ ಹಾಯಿಗೆ ಹಾಳೆಯ ಬೆನ್ನು ಬರುತ್ತದೆ.

ಆಮೇಲೆ ಕಂಬದ ಸುತ್ತ ಕಣ್ಣಾಡಿಸಿ. ಬಟ್ಟೆ ಕಂಬಕ್ಕೆ ತಾಗಿದರೆ ಅದರ ಉಬ್ಬು ಕೆಡುತ್ತದೆ. ಸೀಳು ಜಂಕ್ ಹಾಯಿಯಲ್ಲಿ ಅಂಕಣವನ್ನು ಕಂಬದ ಬಳಿ ಎರಡಾಗಿ ಬಿಡಿಸಿ, ಕಂಬದ ಮುಂದೆ ಚಿಕ್ಕ ಹಾಯಿಗಳ ಸಾಲೊಂದನ್ನು ಮಾಡಿರುತ್ತಾರೆ. ಅಲ್ಲಿ ಗಾಳಿಗೆ ಅಡ್ಡಿ ಕಡಿಮೆ.

ಕೊನೆಗೆ ಲೆಕ್ಕ. ವೇಗಕ್ಕೆ ಮರುಳಾಗಬೇಡಿ. ಗಾಳಿಯ ದಿಕ್ಕಿಗೆ 60 ಡಿಗ್ರಿ ಓರೆಯಾಗಿ 6 ನಾಟ್ ಓಡುವ ದೋಣಿ ಗಾಳಿಯತ್ತ ಏರುವುದು 3 ನಾಟ್ ಮಾತ್ರ. 45 ಡಿಗ್ರಿಯಲ್ಲಿ 5 ನಾಟ್ ಓಡುವುದು ಸುಮಾರು 3.5 ನಾಟ್ ಏರುತ್ತದೆ. ನಿಧಾನಿಯೇ ಮೊದಲು ಮುಟ್ಟುತ್ತದೆ. ದೋಣಿಯ ಹಿಂದಿನ ನೊರೆಗೆರೆಯನ್ನೂ ನೋಡಿ. ಅದು ಗಾಳಿ ಬರುವ ಕಡೆಗೆ ವಾಲಿದ್ದರೆ ದೋಣಿ ಪಕ್ಕಕ್ಕೆ ಜಾರುತ್ತಿದೆ ಎಂದರ್ಥ. ಆ ತಪ್ಪು ಹಾಯಿಯದಷ್ಟೇ ಅಲ್ಲ, ನೀರಿನೊಳಗಿನ ಒಡಲಿನದೂ ಆಗಿರಬಹುದು. ಆದ್ದರಿಂದ ಒಂದೇ ಒಡಲಿಗೆ ಎರಡು ಹಾಯಿ ಕಟ್ಟಿ ನೋಡಿದ ಹೋಲಿಕೆಯನ್ನಷ್ಟೇ ನಂಬಿ.

ಇಷ್ಟು ತಿಳಿದ ಮೇಲೆ ಹಾಯಿ ಬರೇ ಬಟ್ಟೆಯಾಗಿ ಕಾಣುವುದಿಲ್ಲ. ಅದು ಉಬ್ಬಿದಾಗಲೆಲ್ಲ ಅಂಗೈ ಹಾಳೆಯ ಆ ಎಳೆತವನ್ನು ನೆನೆಯುತ್ತದೆ.